ಬೇವಿನ ಸೊಪ್ಪಿನ ಹಿಂದೆ ಕಳೆದ ಹುಟ್ಟುಹಬ್ಬ

ಈ ಸಲ ಪತ್ರಿಕೆಯವರು ಕಳಿಸಿದ ಕಟ್ಟಿನಲ್ಲಿ ಮೂರು ಪತ್ರಗಳು ಒಂದೇ ಸಂಕಟದವು. ಹುಟ್ಟುಹಬ್ಬದ ಹೊತ್ತಿಗೆ ಸರಿಯಾಗಿ ಹುಷಾರು ತಪ್ಪಿ ಮನೆಯಲ್ಲೇ ಉಳಿದವರ ಪತ್ರಗಳು. ಮೂವರೂ ನಮ್ಮ ತುಮಕೂರು ಜಿಲ್ಲೆಯವರೇ. ನಾನು 34 ವರ್ಷ ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಎಎನ್‌ಎಂ, ಅಂದರೆ ಸರ್ಕಾರಿ ದಾದಿ, ಆಗಿದ್ದವಳು. ಹೆರಿಗೆ ಮಾಡಿಸುವುದು, ಮಗು ಹುಟ್ಟಿದ ತಾರೀಕು, ಹೊತ್ತು, ತೂಕ ಬರೆದಿಡುವುದು ನನ್ನ ಕೆಲಸವಾಗಿತ್ತು. ಹುಟ್ಟಿದ ದಿನದ ವಿಷಯ ಬಂದರೆ ನನಗೆ ಹೇಳುವುದು ಸ್ವಲ್ಪ ಜಾಸ್ತಿಯೇ ಇರುತ್ತದೆ. ಅದಕ್ಕೆ ಬೇರೆ ಪತ್ರಗಳನ್ನು ಮುಂದಿನ ಸಲಕ್ಕೆ ಇಟ್ಟು ಈ ಸಲ ಪೂರ್ತಿ ಇವರಿಗೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅಮ್ಮಾ, ನಮಸ್ಕಾರ. ನಾನು ತುಮಕೂರಿನವಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಮೊನ್ನೆ ಶನಿವಾರ ನನಗೆ 25 ತುಂಬಿತು. ಶನಿವಾರ, ಭಾನುವಾರ ಎರಡೂ ರಜೆ. ನಾವು ನಾಲ್ಕು ಜನ ಗೆಳತಿಯರು ಎರಡು ತಿಂಗಳಿಂದ ಲೆಕ್ಕ ಹಾಕಿದ್ದೆವು. ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅಲ್ಲಿಂದ ನಾಮದ ಚಿಲುಮೆ, ದೇವರಾಯನದುರ್ಗ. ಗಾಡಿಯೂ ಗೊತ್ತು ಮಾಡಿದ್ದೆವು. ಬುಧವಾರ ಸಂಜೆ ಬೇಕರಿಯಲ್ಲಿ ಕೂತು ಕೇಕ್ ಕೂಡ ಹೇಳಿ ಬಂದೆವು. ಗುರುವಾರ ಜ್ವರ ಬಂತು. ರಾತ್ರಿ ಹೊಟ್ಟೆಯ ಮೇಲೆ ನೀರುಗುಳ್ಳೆ. ಶುಕ್ರವಾರ ಬೆಳಗ್ಗೆ ನಮ್ಮಮ್ಮ ನೋಡಿ ‘ಅಮ್ಮ ಬಂದವ್ಳೆ’ ಅಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಎರಡು ವಾರದ ಹಿಂದೆ ನನ್ನ ಅಕ್ಕನ ಮಗನಿಗೆ ಇದೇ ಚಿಕನ್‌ಪಾಕ್ಸ್ ಆಗಿತ್ತು.

ಹುಟ್ಟುಹಬ್ಬದ ದಿನ ಪಾಯಸ ಇಲ್ಲ, ಆರತಿ ಇಲ್ಲ, ಸಾರಿಗೆ ಒಗ್ಗರಣೆ ಕೂಡ ಇಲ್ಲ. ಅಂಬಲಿ, ಮೊಸರನ್ನ ಅಷ್ಟೇ. ಹೊಸ ಬಟ್ಟೆ ಬೀರುವಿನಲ್ಲೇ ಉಳಿಯಿತು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಅಮ್ಮ ಬೇಡವೇ ಬೇಡ ಅಂದರು. ಸೋಮವಾರ ಅಪ್ಪ ಹಟ ಹಿಡಿದು ಕರೆದುಕೊಂಡು ಹೋದರು. ಮಾತ್ರೆ, ಹಚ್ಚಲು ಲೋಷನ್ ಕೊಟ್ಟರು. ಎಲ್ಲಕ್ಕಿಂತ ನೋವಾಗಿದ್ದು ಬೇರೆ. ಗೆಳತಿಯರು ಮೂವರೂ ನನ್ನನ್ನು ಬಿಟ್ಟು ದೇವರಾಯನದುರ್ಗಕ್ಕೆ ಹೋಗಿಬಂದರು. ಮಧ್ಯಾಹ್ನ ಫೋನಿನಲ್ಲಿ ಫೋಟೋ ನೋಡಿದೆ. ಅವರಲ್ಲಿ ಒಬ್ಬಳಿಗೆ ಈಗ ನಾಲ್ಕು ತಿಂಗಳು, ಅವಳೂ ಹೋಗಿದ್ದಾಳೆ! ಆವತ್ತಿನಿಂದ ನಾನು ಯಾರ ಫೋನೂ ತೆಗೆದಿಲ್ಲ. ಮೇಲಿಂದ ನಮ್ಮ ಸೋದರತ್ತೆ ‘ಹುಟ್ಟಿದ ದಿನವೇ ಮಲಗಿದರೆ ವರ್ಷವೆಲ್ಲ ಮಲಗಿದ ಹಾಗೆ’ ಅಂದರು. ಇದು ನಿಜವಾ? ಮುಖದ ಮೇಲೆ ಕಲೆ ಉಳಿಯುತ್ತಾ? ಹೋದ ದಿನವನ್ನು ಮರೆಯುವುದು ಹೇಗೆ?

ಉತ್ತರ: ಮಗಳೇ, ನೀನು ನನ್ನ ಮಗಳಿಗಿಂತ ಚಿಕ್ಕವಳು. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ.

ನಿನ್ನ ಪತ್ರ ನನ್ನ ಕೈಗೆ ಬಂದದ್ದು ಗುರುವಾರ ಮಧ್ಯಾಹ್ನ. ನೀನು ಕೇಳಿದ ಪ್ರಶ್ನೆಗಳಿಗಿಂತ ಮೊದಲು ನನ್ನ ಕಣ್ಣು ನಿಂತದ್ದು ನೀನು ಕೇಳದೇ ಬಿಟ್ಟ ವಿಷಯದ ಮೇಲೆ. ಬುಧವಾರ ಸಂಜೆ ಬೇಕರಿಯಲ್ಲಿ ಒಟ್ಟಿಗೆ ಕೂತಿದ್ದೆವು ಅಂದೆ. ಗುಳ್ಳೆ ಎದ್ದದ್ದು ಗುರುವಾರ ರಾತ್ರಿ. ಚಿಕನ್‌ಪಾಕ್ಸ್ ಗುಳ್ಳೆ ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಒಬ್ಬರಿಂದ ಒಬ್ಬರಿಗೆ ದಾಟಲು ಶುರು ಮಾಡುತ್ತದೆ. ಕೆಮ್ಮಿದಾಗ, ಮಾತಾಡಿದಾಗ ಗಾಳಿಯಲ್ಲೇ ಹೋಗುತ್ತದೆ, ಗುಳ್ಳೆಯ ನೀರು ತಾಗಿದರೂ ಹೋಗುತ್ತದೆ. ನಿನ್ನ ಪಕ್ಕದಲ್ಲಿ ಆವತ್ತು ನಾಲ್ಕು ತಿಂಗಳ ಬಸುರಿ ಕೂತಿದ್ದಳು ಅಂತ ಓದಿದ ಮೇಲೆ ನನಗೆ ಊಟ ಮಾಡಲು ಆಗಲಿಲ್ಲ. ಪತ್ರದ ಕೆಳಗೆ ನೀನು ನಂಬರ್ ಬರೆದಿದ್ದೆ. ಎದ್ದು ಫೋನ್ ಮಾಡಿದೆ.

ಆವತ್ತು ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಉಳಿದವರಿಗಾಗಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಒಮ್ಮೆ ಇದು ಬಂದು ಹೋಗಿದ್ದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಬಂದಿರದ, ಲಸಿಕೆಯೂ ಹಾಕಿಸಿಕೊಳ್ಳದ ಬಸುರಿ ಹೆಂಗಸಿಗೆ ಸೋಂಕು ತಾಗಿದರೆ ಅವಳಿಗೂ ಕಷ್ಟ, ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ ಆಗಬಹುದು. ಅಂಥವರು ಗುಳ್ಳೆ ಬರಲಿ ಅಂತ ಕಾಯಬಾರದು. ‘ಚಿಕನ್‌ಪಾಕ್ಸ್ ಆದವರ ಜೊತೆ ಇದ್ದೆ’ ಅಂತ ತಕ್ಷಣ ಡಾಕ್ಟರಿಗೆ ಹೇಳಬೇಕು. ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ. ಬೇಕಾದರೆ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ದಿನದ ಲೆಕ್ಕ ಇದೆ, ತಡವಾದಷ್ಟೂ ಪ್ರಯೋಜನ ಕಡಿಮೆ.

ನೀನು ‘ನಾನು ಅವರ ಜೊತೆ ಮಾತು ಬಿಟ್ಟಿದ್ದೇನೆ’ ಅಂದೆ. ‘ಮಾತು ಆಮೇಲೆ ಬಿಡುವೆಯಂತೆ, ಈಗ ಫೋನ್ ಮಾಡು’ ಅಂದೆ ನಾನು. ಸ್ವಲ್ಪ ಜೋರಾಗಿಯೇ ಅಂದೆ, ಬೇಜಾರು ಮಾಡಿಕೊಳ್ಳಬೇಡ. ಸಂಜೆ ನೀನೇ ಫೋನ್ ಮಾಡಿ, ಅವಳಿಗೆ ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮ ಬಂದಿತ್ತಂತೆ, ಅವಳ ತಾಯಿಗೆ ಚೆನ್ನಾಗಿ ನೆನಪಿದೆಯಂತೆ, ಆದರೂ ನಾಳೆ ಡಾಕ್ಟರಿಗೆ ತೋರಿಸುತ್ತಾಳೆ ಅಂತ ಹೇಳಿದಾಗ ನನ್ನ ಜೀವ ತಣ್ಣಗಾಯಿತು. ಉಳಿದ ಇಬ್ಬರು ಆ ಬುಧವಾರದಿಂದ 21 ದಿನ ಮೈ ಮೇಲೆ ಕಣ್ಣಿಟ್ಟಿರಲಿ. ಅಷ್ಟು ದಿನ ಎಳೆಗೂಸು, ಬಾಣಂತಿ ಇರುವ ಮನೆಗೆ ಹೋಗದಿರಲಿ. ಸೋಂಕು ತಾಗಿದ ಮೇಲೆ 10ರಿಂದ 21 ದಿನದೊಳಗೆ ಇದು ಕಾಣಿಸಿಕೊಳ್ಳುತ್ತದೆ. ನಿನಗೂ ಅಕ್ಕನ ಮಗನಿಂದ ಸರಿಯಾಗಿ ಎರಡು ವಾರಕ್ಕೆ ಬಂತು, ನೋಡು.

ಈಗ ಅವರು ಬಿಟ್ಟು ಹೋದ ವಿಷಯ. ನಿನಗೆ ನೋವಾಗಿದ್ದು ಸಹಜ. ಕೋಣೆಯಲ್ಲಿ ಒಬ್ಬಳೇ ಮಲಗಿ, ಮೈಯೆಲ್ಲ ಉರಿಯುತ್ತಿರುವಾಗ, ತಾನು ಹೋಗಬೇಕಾಗಿದ್ದ ಬೆಟ್ಟದ ಮೇಲೆ ಬೇರೆಯವರು ನಗುತ್ತಾ ನಿಂತಿರುವುದನ್ನು ನೋಡುವುದು ಸುಲಭ ಅಲ್ಲ. ಅವರು ನಿನ್ನನ್ನು ಒಂದು ಮಾತು ಕೇಳಿ ಹೋಗಬೇಕಿತ್ತು. ಇದರಲ್ಲಿ ನಾನು ನಿನ್ನ ಪರವೇ. ಆದರೆ ಫೋನಿನಲ್ಲಿ ನೀನೇ ಹೇಳಿದ ಇನ್ನೊಂದು ಮಾತು ನಿನ್ನ ಪತ್ರದಲ್ಲಿ ಇರಲಿಲ್ಲ. ಅವರು ನಾಮದ ಚಿಲುಮೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದು, ನಿಮ್ಮ ಮನೆ ಗೇಟಿನ ಹತ್ತಿರ ಇಟ್ಟು, ನಿನ್ನ ಅಪ್ಪನಿಗೆ ಹೇಳಿ ಹೋದರಂತೆ. ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ಬರಿಸಿ ಹಣೆಗೆ ನಾಮ ಇಟ್ಟುಕೊಂಡ ಜಾಗ ಅಂತ ನಾವೆಲ್ಲ ನಂಬಿರುವ ಚಿಲುಮೆ ಅದು. ನಿನ್ನನ್ನು ಮರೆತವರು ಅಲ್ಲಿ ಬಾಟಲಿ ಹಿಡಿದು ನಿಲ್ಲುತ್ತಿರಲಿಲ್ಲ. ಬಾಗಿಲಲ್ಲಿ ಬೇವು ಇದ್ದುದರಿಂದ ಅವರು ಒಳಗೆ ಬರಲಿಲ್ಲ, ಅಷ್ಟೇ. ಬರದೇ ಇದ್ದದ್ದೇ ಒಳ್ಳೆಯದಾಯಿತು.

ಆ ಬೇವಿನ ಸೊಪ್ಪಿನ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಓದಿ ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಇದನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಏಟಿಗೆ ತಳ್ಳಿಬಿಡುತ್ತಾರೆ. ನಾನು ತಳ್ಳುವುದಿಲ್ಲ. ಬಾಗಿಲಲ್ಲಿ ಬೇವು ಕಂಡರೆ ಹಾಲಿನವನು ಹೊರಗೇ ನಿಲ್ಲುತ್ತಾನೆ, ಪಕ್ಕದ ಮನೆಯ ಮಗು ಒಳಗೆ ಓಡಿ ಬರುವುದಿಲ್ಲ, ಬಾಣಂತಿ ಆ ಬೀದಿಗೇ ಬರುವುದಿಲ್ಲ. ಓದು ಬಾರದವರಿಗೂ ಅರ್ಥವಾಗುವ ಬೋರ್ಡು ಅದು. ನವೆ ಬಂದಾಗ ಬೇವಿನ ಎಲೆಯಿಂದ ಸವರಿಕೊಂಡರೆ ಉಗುರು ತಾಗುವುದಿಲ್ಲ. ಒಂಬತ್ತು ದಿನ ಮನೆಯಲ್ಲೇ ಇರಿಸುವುದೂ ಸರಿಯೇ. ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವ ತನಕ ಇದು ಹರಡುತ್ತದೆ, ಅದಕ್ಕೆ ಸಾಮಾನ್ಯವಾಗಿ ಒಂದು ವಾರ ಬೇಕು. ನಮ್ಮ ಹಿರಿಯರು ಮೈಲಿಬೇನೆಯಿಂದ, ಅಂದರೆ ಸಿಡುಬಿನಿಂದ, ಕಲಿತ ಪಾಠ ಇದು. ನನ್ನ ಅಜ್ಜಿಯ ಮುಖದ ತುಂಬ ಮೈಲಿ ಕಲೆ ಇತ್ತು. ಆ ಬೇನೆ ಭಾರತದಲ್ಲಿ ಕೊನೆಯ ಸಲ ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಅಂತ ಸಾರಿದರು. ನನ್ನ ತೋಳಿನ ಮೇಲೆ ಇವತ್ತಿಗೂ ಆಗ ದಾಕು (ಮೈಲಿ ಲಸಿಕೆ) ಹಾಕಿದ ಗುರುತಿದೆ. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ನಾನೂ ಪ್ರತಿ ವರ್ಷ ಕೈ ಮುಗಿದಿದ್ದೇನೆ. ಮುಗಿದು, ಮಾರನೇ ದಿನ ಲಸಿಕೆ ಡಬ್ಬ ಹಿಡಿದು ಹಳ್ಳಿಗೆ ಹೋಗಿದ್ದೇನೆ.

ನಿನ್ನ ತಾಯಿಯ ಜೊತೆ ನನಗೆ ಜಗಳ ಇರುವುದು ಒಂದೇ ವಿಷಯಕ್ಕೆ. ಡಾಕ್ಟರ ಹತ್ತಿರ ಹೋಗುವುದನ್ನು ತಡೆದದ್ದು ತಪ್ಪು. ಮಕ್ಕಳಿಗೆ ಇದು ಹೆಚ್ಚಾಗಿ ಸುಮ್ಮನೆ ಬಂದು ಹೋಗುತ್ತದೆ. ದೊಡ್ಡವರಿಗೆ ಜೋರಾಗಿ ಬರುತ್ತದೆ. ಶ್ವಾಸಕೋಶಕ್ಕೆ ಇಳಿಯುವುದೂ ಉಂಟು. ಅಸೈಕ್ಲೋವಿರ್ ಅನ್ನುವ ಮಾತ್ರೆ ಇದೆ. ಗುಳ್ಳೆ ಎದ್ದ 24 ಗಂಟೆಯೊಳಗೆ ಶುರು ಮಾಡಿದರೆ ಅದರಿಂದ ಒಳ್ಳೆಯ ಪ್ರಯೋಜನ. ನಿನಗೆ ಆ ಹೊತ್ತು ದಾಟಿ ಹೋಯಿತು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮೈ ಕೈ ನೋವು ಅಂತ ಆಸ್ಪಿರಿನ್, ಬ್ರೂಫೆನ್ ನುಂಗಬಾರದು. ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ, ತಡೆಯಲಾರದ ತಲೆನೋವು ಬಂದು ಮಾತು ತೊದಲಿದರೆ, ಗುಳ್ಳೆಯ ಸುತ್ತ ಕೆಂಪಗಾಗಿ ಕೀವು ಕಟ್ಟಿದರೆ ಯಾವ ಅಮ್ಮನನ್ನೂ ಕೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾನ ಮಾಡಬಾರದು ಅನ್ನುತ್ತಾರಲ್ಲ, ಉಗುರು ಬೆಚ್ಚಗಿನ ನೀರಿನಲ್ಲಿ ಮಾಡಬಹುದು. ಉಜ್ಜಬಾರದು, ಅಷ್ಟೇ. ಒಗ್ಗರಣೆ ತಿಂದರೆ ಜಾಸ್ತಿಯಾಗುವುದೂ ಇಲ್ಲ. ಬಾಯೊಳಗೆ ಗುಳ್ಳೆ ಎದ್ದಿದ್ದರೆ ಖಾರ ತಿನ್ನಲು ಆಗುವುದಿಲ್ಲ, ಆಗ ಮೊಸರನ್ನವೇ ಹಿತ.

ಕಲೆಯ ಭಯ ಬಿಡು. ಹಕ್ಕಳೆಯನ್ನು ನೀನು ಕಿತ್ತು ತೆಗೆಯದಿದ್ದರೆ ಸಾಕು. ತಾನಾಗಿ ಉದುರಲಿ. ಉಗುರು ಚಿಕ್ಕದಾಗಿ ಕತ್ತರಿಸು. ಕೆಂಪು ಗುರುತು ಕೆಲವು ತಿಂಗಳು ಇರುತ್ತದೆ, ಆಮೇಲೆ ಮಾಸುತ್ತದೆ. ಕೆರೆದ ಕಡೆ ಮಾತ್ರ ಸಣ್ಣ ಗುಳಿ ಉಳಿಯಬಹುದು. ಕೆಲಸಕ್ಕೆ ಹೋಗಲು ಶುರು ಮಾಡಿದ ಮೇಲೆ ಸ್ಟೇಷನ್‌ಗೆ ನಡೆದು ಹೋಗುವಾಗ ಮುಖಕ್ಕೆ ಬಿಸಿಲು ಬೀಳದ ಹಾಗೆ ಕೊಡೆಯೋ ದುಪಟ್ಟಾವೋ ಹಿಡಿ. ನಿನ್ನ ಮನೆಯಲ್ಲಿ ಇನ್ನೂ ಯಾರಿಗಾದರೂ ಇದು ಬಂದಿಲ್ಲದಿದ್ದರೆ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಎರಡು ಡೋಸ್. ಇದು ಸರ್ಕಾರ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಬಸುರಿಯರಿಗೆ ಹಾಕುವುದಿಲ್ಲ.

ಇನ್ನು ನಿನ್ನ ಸೋದರತ್ತೆಯ ಮಾತು. ಅದು ನಿಜ ಅಲ್ಲ. ಇಷ್ಟು ಖಂಡಿತವಾಗಿ ಹೇಗೆ ಹೇಳುತ್ತೇನೆ ಅಂದರೆ, ನಮ್ಮಲ್ಲಿ ಹುಟ್ಟಿದ ದಿನ ಅನ್ನುವುದು ಕ್ಯಾಲೆಂಡರಿನ ಒಂದು ಚೌಕಕ್ಕೆ ಅಂಟಿಕೊಂಡು ಕೂತದ್ದೇ ಇತ್ತೀಚೆಗೆ. ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಮಗು ಹುಟ್ಟಿದ 21 ದಿನದೊಳಗೆ ಬರೆಸಬೇಕು. ಆದರೆ ನಾನು ಕೆಲಸಕ್ಕೆ ಸೇರಿದ 1985ರಲ್ಲೂ ಎಷ್ಟೋ ಮನೆಗಳಲ್ಲಿ ಬರೆಸುತ್ತಿರಲಿಲ್ಲ. ಹೆರಿಗೆ ಮನೆಯಲ್ಲೇ. ಸೂಲಗಿತ್ತಿಯರದೇ ಕೈ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರು ಒಂದು ಕಾಸೂ ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅಂಥ ತಾಯಂದಿರ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನರ ತಾರೀಕು ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಎತ್ತರ ನೋಡಿ, ಹಲ್ಲು ನೋಡಿ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನನ್ನದೂ ಜೂನ್ 1. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತಿ ಆಗಬೇಕು ಅನ್ನುವುದು ಸರ್ಕಾರದ ನಿಯಮ. 2019ರ ಮೇ 31ಕ್ಕೆ ನನ್ನ ಜೊತೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಹಾರ ಹಾಕಿಸಿಕೊಂಡರು ಅಂತ ನೆನೆಸಿಕೊಂಡರೆ ಈಗಲೂ ಆಶ್ಚರ್ಯವಾಗುತ್ತದೆ. ಅವರೆಲ್ಲರೂ ಒಂದೇ ದಿನ ಹುಟ್ಟಿದ್ದಾರಾ? ಅವರಲ್ಲಿ ಯಾರ ವರ್ಷ ಒಳ್ಳೆಯದು, ಯಾರ ವರ್ಷ ಕೆಟ್ಟದ್ದು ಅಂತ ಆ ತಾರೀಕಿನಿಂದ ಹೇಳಲು ಬರುತ್ತದಾ?

ನನ್ನ ಮನೆಯದೇ ಒಂದು ಸಂಗತಿ ಹೇಳುತ್ತೇನೆ. 1989. ನನ್ನ ಮಗಳಿಗೆ ಒಂದು ವರ್ಷ ತುಂಬಲು ನಾಲ್ಕು ದಿನ ಇತ್ತು. ನನಗೆ ಅಮ್ಮ ಬಂತು. ಅಂಗನವಾಡಿಗೆ ಹೋದಾಗ ತಗಲಿಕೊಂಡಿರಬೇಕು. ನನ್ನ ಅತ್ತೆ ಮಗುವನ್ನು ನಡುಮನೆಗೆ ತೆಗೆದುಕೊಂಡು ಹೋಗಿ ನನ್ನ ಕೋಣೆಯ ಬಾಗಿಲು ಹಾಕಿದರು. ಊಟ ಹೊಸಲಿನ ಮೇಲೆ ಇಟ್ಟು ಹೋಗುತ್ತಿದ್ದರು. ಮೊದಲ ಹುಟ್ಟುಹಬ್ಬದ ದಿನ ಮನೆಯಲ್ಲಿ ಏನೂ ಮಾಡಲಿಲ್ಲ. ಅಮ್ಮ ಇರುವ ಮನೆಯಲ್ಲಿ ಆರತಿ ಎತ್ತುವುದಿಲ್ಲ ಅಂದರು. ನಾನು ಹೊಲಿಸಿ ಇಟ್ಟಿದ್ದ ಹಳದಿ ಲಂಗ ನನ್ನ ಕೋಣೆಯ ಗೂಟದ ಮೇಲೇ ನೇತಾಡುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮಗು ಅಂಬೆಗಾಲಿಟ್ಟು ಬಂದು ಬಾಗಿಲು ಬಡಿಯಿತು. ಕೈಯಲ್ಲಿದ್ದ ಹಿತ್ತಾಳೆ ಲೋಟದಿಂದ ಬಡಿಯುತ್ತಿತ್ತು. ಟಣ್ ಟಣ್ ಅಂತ. ನಾನು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅಳುತ್ತಿದ್ದೆ. ತೆಗೆಯಲಿಲ್ಲ.

ಸಂಜೆ ಅತ್ತೆ ಅಂಬಲಿ ಇಡಲು ಬಂದಾಗ ನನ್ನ ಮುಖ ನೋಡಿದರು. ತುಂಬಾ ಮಾತಾಡುವವರಲ್ಲ ಅವರು. ‘ಯಾಕಳ್ತೀಯ? ತಾರೀಕು ಹೋದ್ರೆ ಹೋಗ್ಲಿ. ಮಗೀನ ನಕ್ಷತ್ರ ಇನ್ನೊಂದು ಸಲ ಬರಾಕಿಲ್ವಾ?’ ಅಂದರು. ಅಷ್ಟೇ. ಅಮ್ಮ ಇಳಿದು ನನಗೆ ಮೂರು ಸಲ ನೀರು ಹಾಕಿ ಆದ ಮೇಲೆ ಊರಿನ ಐನೋರ ಹತ್ತಿರ ಪಂಚಾಂಗ ನೋಡಿಸಿಕೊಂಡು ಬಂದರು. ನಕ್ಷತ್ರ 27 ಇವೆಯಲ್ಲ, ಚಂದ್ರ ದಿನಕ್ಕೆ ಸುಮಾರು ಒಂದರಂತೆ ದಾಟುತ್ತಾನೆ. 27 ದಿನಕ್ಕೊಮ್ಮೆ ನಮ್ಮ ನಮ್ಮ ನಕ್ಷತ್ರ ತಿರುಗಿ ಬರುತ್ತದೆ. ಮಗಳ ನಕ್ಷತ್ರ ಹಸ್ತ. ಹಸ್ತ ಬಂದ ದಿನ ಬೆಳಗ್ಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಆ ಹಳದಿ ಲಂಗ ತೊಡಿಸಿ, ಮಣೆಯ ಮೇಲೆ ಕೂರಿಸಿದರು. ನಾನೇ ಆರತಿ ಎತ್ತಿದೆ. ಶ್ಯಾವಿಗೆ ಪಾಯಸ ಮಾಡಿದ್ದರು. ನನ್ನ ಕೈಯ ಮೇಲೆ ಇನ್ನೂ ಕೆಂಪು ಗುರುತುಗಳಿದ್ದವು. ಮಗಳು ಅವನ್ನು ಒಂದೊಂದಾಗಿ ಬೆರಳಿಟ್ಟು ಮುಟ್ಟುತ್ತಿದ್ದಳು. ಆ ದಿನದ ಮುಂದೆ ಯಾವ ತಾರೀಕು ದೊಡ್ಡದು, ಹೇಳು? ಈಗ ಅವಳಿಗೆ ಎರಡು ಮಕ್ಕಳು. ಇವತ್ತಿಗೂ ನಮ್ಮ ಮನೆಯಲ್ಲಿ ತಾರೀಕಿನ ಹುಟ್ಟುಹಬ್ಬಕ್ಕೆ ಕೇಕ್, ನಕ್ಷತ್ರದ ದಿನಕ್ಕೆ ಶ್ಯಾವಿಗೆ ಪಾಯಸ.

ನಿನ್ನ ನಕ್ಷತ್ರ ರೋಹಿಣಿ ಅಂತ ಫೋನಿನಲ್ಲಿ ನಿನ್ನ ತಾಯಿ ಹೇಳಿದರು. ಅವರ ಜೊತೆಯೂ ಮಾತಾಡಿದೆ. ಮುಂದಿನ ರೋಹಿಣಿ ಬರುವ ಹೊತ್ತಿಗೆ ನಿನ್ನ ಹಕ್ಕಳೆ ಉದುರಿರುತ್ತದೆ. ಬೀರುವಿನಲ್ಲಿರುವ ಹೊಸ ಬಟ್ಟೆ ಆ ದಿನ ಉಟ್ಟುಕೋ. ದೇವರಾಯನದುರ್ಗ ಎಲ್ಲೂ ಹೋಗುವುದಿಲ್ಲ. ಮೇಲೆ ಯೋಗ ನರಸಿಂಹ, ಕೆಳಗೆ ಭೋಗ ನರಸಿಂಹ, ಇಬ್ಬರೂ ಅಲ್ಲೇ ಇರುತ್ತಾರೆ. ನೀನು ಇನ್ನೂ ಸೋತಿರುತ್ತೀಯ, ಮೆಟ್ಟಿಲು ಹತ್ತುವಾಗ ಅವಸರ ಮಾಡಬೇಡ. ಬಸುರಿ ಗೆಳತಿಯೂ ಜೊತೆಗೆ ಬಂದರೆ ಅವಳಿಗೂ ನಿನ್ನ ನಿಧಾನವೇ ಹಿತ.

ಇನ್ನೊಂದು. ನಿನ್ನ ತಾಯಿ ಆ ಮೂರು ರಾತ್ರಿ ನಿನ್ನ ಕೋಣೆಯ ಹೊಸಲಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದರು ಅಂತ ನಿನ್ನ ಅಪ್ಪ ಹೇಳಿದರು. ನಿನಗೆ ಗೊತ್ತಿತ್ತೋ ಇಲ್ಲವೋ, ಬರೆಯದೇ ಇರಲು ನನಗೆ ಮನಸ್ಸಾಗಲಿಲ್ಲ.

ಪ್ರಶ್ನೆ: ನಾನು ಕೊರಟಗೆರೆ ತಾಲ್ಲೂಕಿನವನು. ಮಗನ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಭಾನುವಾರ ಛತ್ರ ಹಿಡಿದಿದ್ದೆವು. 200 ಜನಕ್ಕೆ ಹೇಳಿದ್ದೆವು. ಶನಿವಾರ ರಾತ್ರಿ ಮಗುವಿಗೆ 102 ಜ್ವರ. ಔಷಧಿ ಹಾಕಿ ಎರಡು ಗಂಟೆ ಕೂರಿಸಿ ಮುಗಿಸೋಣ ಅಂತ ಹಿರಿಯರು ಅಂದರು. ನಾನು ಒಪ್ಪದೆ ನಿಲ್ಲಿಸಿಬಿಟ್ಟೆ. ಮುಂಗಡ ಹೋಯಿತು. ಮಾವನವರು ಇನ್ನೂ ಮಾತಾಡುತ್ತಿಲ್ಲ. ನಾನು ಅವಸರಪಟ್ಟೆನಾ? (ಮಾಡಿದ ಅಡುಗೆಯನ್ನು ಹತ್ತಿರದ ಹಾಸ್ಟೆಲ್ ಮಕ್ಕಳಿಗೆ ಕೊಟ್ಟೆವು.)

ಉತ್ತರ: ಇಲ್ಲ ಸ್ವಾಮಿ. ನೀವು ಮಾಡಿದ್ದು ಪೂರ್ತಿ ಸರಿ. ಇದನ್ನು ನಿಮ್ಮ ಮಾವನವರಿಗೂ ಓದಿ ಹೇಳಿ.

ಆರು ತಿಂಗಳಿಂದ ಐದು ವರ್ಷದ ತನಕದ ಮಕ್ಕಳಲ್ಲಿ ಕೆಲವರಿಗೆ ಜ್ವರ ಏರಿದಾಗ ಸೆಳವು ಬರುತ್ತದೆ. ಕೈಕಾಲು ಸೆಟೆದು, ಕಣ್ಣು ಮೇಲೆ ಹೋಗುತ್ತದೆ. ಹೆಚ್ಚಿನ ಸಲ ಕೆಲವೇ ನಿಮಿಷದಲ್ಲಿ ನಿಂತು ಮಗು ಸರಿಹೋಗುತ್ತದೆ. ಆದರೆ ಛತ್ರದ ಆ ಗದ್ದಲದಲ್ಲಿ, ಮೈಕಿನ ಸದ್ದಿನಲ್ಲಿ, ಜರಿ ಪೇಟ ಕಟ್ಟಿಸಿಕೊಂಡು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿರುವ ಮಗುವಿಗೆ ಹಾಗಾದರೆ? ಅಂಥದ್ದೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸುತ್ತ ನೂರು ಜನ ನಿಂತು, ಒಬ್ಬರು ಬಾಯಿಗೆ ಚಮಚ ತುರುಕಲು ಹೋದರು, ಇನ್ನೊಬ್ಬರು ಕೈಗೆ ಕಬ್ಬಿಣ ಹಿಡಿಸಲು ಹೋದರು. ಎರಡೂ ಮಾಡಬಾರದು. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಗಾಳಿ ಬಿಡಬೇಕು. ಬಾಯಿಗೆ ಏನೂ ಹಾಕಬಾರದು. ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆ. ಬೇಗ ನಿಂತರೂ ಮೊದಲ ಸಲವಾದರೆ ಆವತ್ತೇ ಡಾಕ್ಟರಿಗೆ ತೋರಿಸಿ.

ಮಾಡಿದ ಅಡುಗೆಯನ್ನು ಹತ್ತಿರದ ಹಾಸ್ಟೆಲ್ ಮಕ್ಕಳಿಗೆ ಕೊಟ್ಟೆವು ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಅಷ್ಟು ಸಣ್ಣಗೆ ಯಾಕೆ ಬರೆದಿರಿ? ನಿಮ್ಮ ಮಗನ ಮೊದಲ ಹುಟ್ಟುಹಬ್ಬದ ಊಟ ಅದು. ಅವನು ದೊಡ್ಡವನಾದ ಮೇಲೆ ಹೇಳಿ.

ಪ್ರಶ್ನೆ: ನಾನು ಪಾವಗಡ ಕಡೆಯ ಹಳ್ಳಿಯವನು. ತುಮಕೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇನೆ. 20ನೇ ಹುಟ್ಟುಹಬ್ಬದ ದಿನ ವಾಂತಿ, ಭೇದಿ ಆಗಿ ಎರಡು ದಿನ ರೂಮಿನಲ್ಲಿ ಒಬ್ಬನೇ ಮಲಗಿದ್ದೆ. ರೂಮಿನವನು ಊರಿಗೆ ಹೋಗಿದ್ದ. ಓಆರ್‌ಎಸ್ ಪ್ಯಾಕೆಟ್ ಪೂರ್ತಿ ಒಂದು ಲೋಟ ನೀರಿಗೆ ಹಾಕಿ ಕುಡಿದೆ. ಅಮ್ಮ ಫೋನ್ ಮಾಡಲಿಲ್ಲ. ನಮ್ಮಮ್ಮನಿಗೆ ನಾನು ಹುಟ್ಟಿದ ತಾರೀಕೇ ಗೊತ್ತಿಲ್ಲ. ಎಲ್ಲರ ಅಮ್ಮಂದಿರಿಗೂ ಗೊತ್ತಿರುತ್ತೆ ಅಲ್ವಾ?

ಉತ್ತರ: ಮೊದಲು ಹೊಟ್ಟೆಯ ವಿಷಯ ಮುಗಿಸಿಬಿಡುತ್ತೇನೆ ಮಗು. ಓಆರ್‌ಎಸ್ ಪುಡಿಯ ಒಂದು ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಹಾಕಬೇಕು. ನೀನು ಒಂದು ಲೋಟಕ್ಕೆ ಪೂರ್ತಿ ಹಾಕಿ ಕುಡಿದೆ ಅಂತ ಬರೆದಿದ್ದೀಯ. ಹಾಗೆ ಮಾಡಬಾರದು, ಅಷ್ಟು ಉಪ್ಪು ಕೆಡುಕು ಮಾಡುತ್ತದೆ. ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ ಕುಡಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲು. ಗಂಜಿ, ಎಳನೀರು, ಮಜ್ಜಿಗೆ ಒಳ್ಳೆಯದು. ಮೂತ್ರ ಹೋಗುವುದು ತೀರಾ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೋಗಲೇಬೇಕು. ಇನ್ನು ಮುಂದೆ ಹುಷಾರಿಲ್ಲದಾಗ ಒಬ್ಬನೇ ಬಾಗಿಲು ಹಾಕಿಕೊಂಡು ಮಲಗಬೇಡ. ಕೆಳಗಿನ ಮನೆಯವರಿಗಾದರೂ ಹೇಳು. ಹೇಳಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಇನ್ನು ನಿನ್ನ ಅಮ್ಮ. ಎಲ್ಲರ ಅಮ್ಮಂದಿರಿಗೂ ತಾರೀಕು ಗೊತ್ತಿರುವುದಿಲ್ಲ. ನಾನು ಹೆರಿಗೆ ಮಾಡಿಸಿದ ಎಷ್ಟೋ ತಾಯಂದಿರು ವರ್ಷ ಕಳೆದ ಮೇಲೆ ನನ್ನ ಹತ್ತಿರವೇ ಬಂದು ‘ಸಿಸ್ಟರಮ್ಮ, ನನ್ನ ಮಗ ಯಾವತ್ತು ಹುಟ್ಟಿದ್ದು, ನಿಮ್ಮ ಪುಸ್ತಕ ನೋಡಿ ಹೇಳಿ’ ಅನ್ನುತ್ತಿದ್ದರು. ಆದರೆ ಆವತ್ತು ಮಳೆ ಬಂದಿತ್ತಾ, ಯಾರು ಗಾಡಿ ಕಟ್ಟಿದರು, ನೋವು ಯಾವ ಹೊತ್ತಿಗೆ ಶುರುವಾಯಿತು, ಮಗು ಮೊದಲು ಯಾವ ಕಡೆ ತಿರುಗಿ ನೋಡಿತು, ಇದನ್ನು ನಾನೇ ಅವರ ಬಾಯಿಂದ ಕೇಳಿ ತಿಳಿದುಕೊಳ್ಳುತ್ತಿದ್ದೆ. ನನ್ನ ಪುಸ್ತಕದಲ್ಲಿ ಅದು ಇರುತ್ತಿರಲಿಲ್ಲ.

ನೀನು ಊರಿಗೆ ಹೋದಾಗ ‘ಅಮ್ಮ, ನನ್ನ ಹುಟ್ಟಿದ ತಾರೀಕು ಗೊತ್ತಾ’ ಅಂತ ಕೇಳಬೇಡ. ‘ನಾನು ಹುಟ್ಟಿದ ದಿನ ಏನಾಯಿತು’ ಅಂತ ಕೇಳು. ಅಡುಗೆ ಮನೆಯಲ್ಲಿ, ಅವರು ಮುದ್ದೆ ತಿರುವುತ್ತಿರುವಾಗ, ಪಕ್ಕದಲ್ಲಿ ಕೂತು ಕೇಳು. ಏನು ಹೇಳಿದರು ಅಂತ ನನಗೆ ಬರೆ.

ನಾನು ನನ್ನ ಅವ್ವನನ್ನು ಹೀಗೆ ಕೇಳಿದ್ದು ನನಗೆ 40 ದಾಟಿದ ಮೇಲೆ. ಅಲ್ಲಿಯ ತನಕ ಜೂನ್ 1 ಅಂತಲೇ ಇದ್ದೆ. ಅವ್ವ ಹೇಳಿದ್ದು ಇಷ್ಟು: ‘ಕಡ್ಲೆಕಾಯಿ ಕೀಳಾಕೆ ಹೋಗಿದ್ದೆ ಕಣವ್ವ. ಹಿಡಿದ ಸಾಲು ಮುಗ್ಸಿ ಮನೆಗೆ ಬಂದೆ. ದೀಪ ಹಚ್ಚೋ ಹೊತ್ಗೆ ನೀನು ಹುಟ್ದೆ. ಮಡ್ಲಲ್ಲಿ ಇನ್ನೂ ಹಸಿ ಕಡ್ಲೆಕಾಯಿ ಇದ್ವು.’

ಅಂದರೆ ನಾನು ಹುಟ್ಟಿದ್ದು ಬೇಸಿಗೆಯ ಕೊನೆಯಲ್ಲಿ ಅಲ್ಲ, ದೀಪಾವಳಿಯ ಆಸುಪಾಸಿನಲ್ಲಿ. ಆವತ್ತಿನಿಂದ ಹೊಸ ಕಡಲೆಕಾಯಿ ಸಂತೆಗೆ ಬಂದ ಮೊದಲ ವಾರ ನಾನು ಎರಡು ಸೇರು ತಂದು ಉಪ್ಪು ಹಾಕಿ ಬೇಯಿಸುತ್ತೇನೆ. ಹೋದ ಸಲ ನನಗೂ ಜ್ವರ, ಕೆಮ್ಮು. ಎದ್ದು ಓಡಾಡಲು ಆಗುತ್ತಿರಲಿಲ್ಲ. ಮಗಳು ಬೇಯಿಸಿ ತಂದು ಮಂಚದ ಮೇಲೆ ಹಳೇ ಪೇಪರ್ ಹಾಸಿ ಸುರಿದಳು. ಮೊಮ್ಮಕ್ಕಳು ಸಿಪ್ಪೆ ಬಿಡಿಸಿ ಒಂದೊಂದೇ ಕಾಳು ನನ್ನ ಅಂಗೈಯಲ್ಲಿ ಇಡುತ್ತಿದ್ದರು.